ಗಾಳ ಹಾಕುವವರಿಗೆ ನೀರೊಳಗಿನ ಕ್ಯಾಮೆರಾ: ಮನೆಯಲ್ಲೇ ಮಾಡಿಕೊಳ್ಳುವ ಬಗೆ

ಬೆಂಡು ಅಲುಗಾಡಿರುವುದಿಲ್ಲ, ಗಾಳ ಎತ್ತಿ ನೋಡಿದರೆ ಎರೆ ಮಾತ್ರ ಮಾಯ. ಕೆಳಗೆ ನಡೆದದ್ದೇನು? ಈ ಪ್ರಶ್ನೆ ತಲೆಗೆ ಹತ್ತಿದವರೆಲ್ಲ ಒಂದಲ್ಲ ಒಂದು ದಿನ ಕೇಳುತ್ತಾರೆ: ನೀರಿನೊಳಗೆ ಕ್ಯಾಮೆರಾ ಇಳಿಸಿ ನೋಡಬಹುದೇ, ಅದನ್ನು ನಾವೇ ಮಾಡಿಕೊಳ್ಳಬಹುದೇ? ಮಾಡಿಕೊಳ್ಳಬಹುದು. ಕಾರಿನ ಹಿಂಬದಿಗೆ ಹಾಕುವ ರಿವರ್ಸ್ ಕ್ಯಾಮೆರಾ, ಅರ್ಧ ಗೇಣುದ್ದದ ಪಿವಿಸಿ ಪೈಪು, ಸಿಸಿಟಿವಿ ಕೇಬಲ್, ಯುಪಿಎಸ್ ಬ್ಯಾಟರಿ, ಇಷ್ಟಿದ್ದರೆ ಎರಡು ಭಾನುವಾರಗಳ ಕೆಲಸ. ನನಗೆ ಎಲ್ಲ ಸೇರಿ ಮೂರೂವರೆ ಸಾವಿರ ರೂಪಾಯಿ ಹಿಡಿಯಿತು. ಅದರಲ್ಲಿ ಸುಮಾರು ಒಂದು ಸಾವಿರ, ಮೊದಲ ಕ್ಯಾಮೆರಾ ನೀರು ಕುಡಿದದ್ದಕ್ಕೆ ತೆತ್ತ ದಂಡ. ಆ ದಂಡ ನಿಮಗೆ ಬೀಳದಿರಲಿ ಎಂದೇ ಕೆಲವು ಕಡೆ ಸ್ವಲ್ಪ ಉದ್ದಕ್ಕೆ ಬರೆದಿದ್ದೇನೆ.

ಹಂತ 1: ಪೈಪು ಕೊಳ್ಳುವ ಮೊದಲು ನೀರು ನೋಡಿ

ಹೆಚ್ಚಿನವರು ಈ ಹಂತವನ್ನು ಹಾರಿಸಿ ನೇರ ಅಂಗಡಿಗೆ ಹೋಗುತ್ತಾರೆ. ಜಾಹೀರಾತುಗಳಲ್ಲಿ ಕಾಣುವ ಸ್ಫಟಿಕದಂಥ ಚಿತ್ರಗಳು ಬಹುಪಾಲು ಅಮೆರಿಕ, ಕೆನಡಾಗಳ ಹೆಪ್ಪುಗಟ್ಟಿದ ಸರೋವರಗಳವು. ಅಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಗಾಳ ಇಳಿಸುತ್ತಾರೆ. ಮೇಲೆ ಮುಚ್ಚಳವಿದ್ದಂತಾಗಿ ಅಲೆಯಿಲ್ಲ, ಕೆಸರು ಏಳುವುದಿಲ್ಲ. ನಮ್ಮ ಬಯಲುಸೀಮೆಯ ಕೆರೆಗೆ ಆ ಭಾಗ್ಯವಿಲ್ಲ. ಮೀನು ಸಾಕುವ ಹೊಂಡಗಳಲ್ಲಂತೂ ಮೀನಿನ ಆಹಾರವಾದ ಪಾಚಿ ಬೆಳೆಯಲೆಂದೇ ನೀರನ್ನು ಹಸಿರಾಗಿ ಇಟ್ಟಿರುತ್ತಾರೆ. ಅಲ್ಲಿ 30ರಿಂದ 40 ಸೆಂಟಿಮೀಟರ್ ಆಚೆಗೆ ಕಣ್ಣಿಗೂ ಕಾಣುವುದಿಲ್ಲ, ಕ್ಯಾಮೆರಾಕ್ಕೂ ಕಾಣುವುದಿಲ್ಲ.

ಅಳೆಯಲು ಸೆಕ್ಕಿ ತಟ್ಟೆ ಸಾಕು. ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದ ತಿಳಿ ಅಳೆಯಲು ಬಳಸಿದ ಬಿಳಿ ತಟ್ಟೆಯೇ ಇದರ ಮೂಲ. 20 ಸೆಂಟಿಮೀಟರ್ ಅಗಲದ ಹಳೆಯ ಸ್ಟೀಲ್ ತಟ್ಟೆಯನ್ನು ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿಯಿರಿ. ನಡುವೆ ತೂತು ಮಾಡಿ ದಾರ ಕಟ್ಟಿ, ಕೆಳಗೊಂದು ಭಾರ ತೂಗುಬಿಡಿ. ಬಿಸಿಲಿರುವಾಗ, ನಿಮ್ಮ ನೆರಳು ಬಿದ್ದ ಕಡೆ ಇಳಿಸುತ್ತಾ ಹೋಗಿ. ತಟ್ಟೆ ಕಣ್ಮರೆಯಾದ ಆಳವೇ ನಿಮ್ಮ ನೀರಿನ ತಿಳಿ.

30 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಆ ದುಡ್ಡಿಗೆ ಒಳ್ಳೆಯ ರೀಲ್ ಕೊಳ್ಳಿ. ಅರ್ಧ ಮೀಟರ್‌ನಿಂದ ಒಂದು ಮೀಟರ್ ಇದ್ದರೆ ಎರೆಯ ಪಕ್ಕದಲ್ಲೇ ಕ್ಯಾಮೆರಾ ಕೂರಿಸಿ ನೋಡಬಹುದು. ಒಂದು ಮೀಟರ್ ದಾಟಿದರೆ ನಿಮ್ಮದು ಪುಣ್ಯದ ನೀರು. ಮಲೆನಾಡಿನ ಹೊಳೆಗಳು ಮಳೆಗಾಲದಲ್ಲಿ ಚಹಾ ಬಣ್ಣಕ್ಕೆ ತಿರುಗಿರುತ್ತವೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತಳದ ಕಲ್ಲು ಕಾಣುವಷ್ಟು ತಿಳಿಯಾಗುತ್ತವೆ. ಕರಾವಳಿಯ ಅಳಿವೆಗಳಲ್ಲಿ ಉಬ್ಬರ ತುಂಬಿದ ಹೊತ್ತು ನೋಡಿ. ಆಗ ಸಮುದ್ರದ ತಿಳಿ ನೀರು ಒಳಗೆ ಬಂದಿರುತ್ತದೆ, ಇಳಿತಕ್ಕೆ ಮತ್ತೆ ಕೆಸರು.

ಹಂತ 2: ಸಾಮಾನು

‘ವೈಫೈ ಕ್ಯಾಮೆರಾ ಹಾಕಿ ಮೊಬೈಲ್‌ನಲ್ಲೇ ನೋಡಬಹುದಲ್ಲ?’ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಆಗುವುದಿಲ್ಲ. ವೈಫೈ ತರಂಗಗಳನ್ನು ನೀರು ನುಂಗಿಬಿಡುತ್ತದೆ, ಒಂದು ಗೇಣು ದಾಟುವುದರೊಳಗೆ ಸಂಕೇತ ಸತ್ತಿರುತ್ತದೆ. ತಂತಿಯೇ ಗತಿ.

ಕ್ಯಾಮೆರಾ: 12 ವೋಲ್ಟ್‌ನ ರಿವರ್ಸ್ ಕ್ಯಾಮೆರಾ. ಕೊಳ್ಳುವಾಗ ಮೂರು ಮಾತು ಕೇಳಿ. ಒಂದು, ಚಿತ್ರದ ಸಂಕೇತ ಯಾವ ಬಗೆಯದು? ಹಳೆಯ ಟಿವಿಗಳ ಹಳದಿ ಪಿನ್ನಿನ ಅನಲಾಗ್ ಸಂಕೇತಕ್ಕೆ ಸಿವಿಬಿಎಸ್ ಎನ್ನುತ್ತಾರೆ, ಹೆಚ್ಚು ಸ್ಪಷ್ಟ ಚಿತ್ರದ ಹೊಸ ಬಗೆಗೆ ಎಎಚ್‌ಡಿ. ಪಿನ್ನು ಎರಡಕ್ಕೂ ಒಂದೇ. ಆದರೆ ಹಳೆಯ ಪರದೆಗೆ ಎಎಚ್‌ಡಿ ಕ್ಯಾಮೆರಾ ಕೊಟ್ಟರೆ ಬರಿಯ ನೀಲಿ ಅಥವಾ ಕಲಸಿದ ಚಿತ್ರ ಬರುತ್ತದೆ. ಎರಡೂ ಒಂದೇ ಜಾತಿಯವಾಗಿರಲಿ. ಎರಡು, ಲೆನ್ಸಿನ ಸುತ್ತ ಎಲ್‌ಇಡಿ ಇರುವ ಮಾದರಿ ಬೇಡ. ಕ್ಯಾಮೆರಾ ಕೂರುವುದು ಪೈಪಿನ ಕವಚದೊಳಗೆ, ಪಾರದರ್ಶಕ ಕಿಟಕಿಯ ಹಿಂದೆ. ಅಲ್ಲಿ ಎಲ್‌ಇಡಿ ಉರಿದರೆ ಬೆಳಕು ತಿರುಗಿ ಲೆನ್ಸಿಗೇ ಹೊಡೆಯುತ್ತದೆ. ಮೂರು, ನೋಟದ ಕೋನ ಅಗಲವಾಗಿರಲಿ. ಚಪ್ಪಟೆ ಕಿಟಕಿಯ ಮೂಲಕ ನೀರಿನಲ್ಲಿ ನೋಡಿದಾಗ ಕೋನ ಕಿರಿದಾಗುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33 ಇರುವುದರಿಂದ ಗಾಳಿಯಲ್ಲಿ 120 ಡಿಗ್ರಿ ನೋಡುವ ಲೆನ್ಸ್ ನೀರಿನಲ್ಲಿ ಸುಮಾರು 81 ಡಿಗ್ರಿ ನೋಡುತ್ತದೆ, 90 ಡಿಗ್ರಿಯದು 64ಕ್ಕೆ ಇಳಿಯುತ್ತದೆ. ಮೀನೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ. ಪರದೆಯಲ್ಲಿ ಕಂಡ ಗೆಂಡೆಯ ಗಾತ್ರವನ್ನು ಊರಿಗೆಲ್ಲ ಹೇಳುವ ಮುನ್ನ ಇದು ನೆನಪಿರಲಿ.

ಪೆಟ್ಟಿಗೆಯ ಮೇಲಿನ ‘ಐಪಿ’ ಸಂಖ್ಯೆಯನ್ನು ನಂಬಿ ಕ್ಯಾಮೆರಾವನ್ನು ಹಾಗೇ ಇಳಿಸಬೇಡಿ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ, ಅಷ್ಟೇ. ಐಪಿ68 ಅದಕ್ಕಿಂತ ಹೆಚ್ಚು, ಎಷ್ಟು ಆಳ ಎಂಬುದನ್ನು ತಯಾರಕರೇ ಹೇಳಬೇಕು. ಇನ್ನು ಐಪಿ69ಕೆ ಎಂಬ ದೊಡ್ಡ ಸಂಖ್ಯೆ ಕಂಡು ಮೋಸಹೋಗುವವರೇ ಜಾಸ್ತಿ. ಅದು ಬಿಸಿನೀರಿನ ಜೋರು ಪಿಚಕಾರಿಗೆ ತಡೆದುಕೊಳ್ಳುತ್ತದೆ ಎಂಬ ಮಾತು, ಆಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೇಬಲ್: ಸಿಸಿಟಿವಿಯವರು ‘ಮೂರು ಪ್ಲಸ್ ಒಂದು’ ಎನ್ನುವ ಕೇಬಲ್ 20 ಮೀಟರ್. ಒಂದು ಎಳೆ ಚಿತ್ರಕ್ಕೆ, ಮೂರು ವಿದ್ಯುತ್ತಿಗೆ. ಕ್ಯಾಮೆರಾಕ್ಕೆ ಎರಡು ಸಾಕು, ಮೂರನೆಯದು ದೀಪಕ್ಕೆ. ಅಗ್ಗದ ಕೇಬಲ್‌ಗಳಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರುತ್ತದೆ. ಅದು ಬಗ್ಗಿಸಿ ಬಗ್ಗಿಸಿ ತುಂಡಾಗುತ್ತದೆ, ವೋಲ್ಟೇಜನ್ನೂ ಹೆಚ್ಚು ತಿನ್ನುತ್ತದೆ. ‘ಪೂರ್ತಿ ತಾಮ್ರದ್ದು ಕೊಡಿ’ ಎಂದು ಕೇಳಿ.

ಪರದೆ, ಬ್ಯಾಟರಿ: ಕಾರಿಗೆ ಹಾಕುವ 4.3 ಇಂಚಿನ ಪರದೆ ಸಾಕು, 7 ಇಂಚಿನದು ಬಿಸಿಲಿನಲ್ಲಿ ಸ್ವಲ್ಪ ವಾಸಿ. ಬ್ಯಾಟರಿ 12 ವೋಲ್ಟ್, 7 ಆಂಪಿಯರ್ ಅವರ್‌ನದು. ಪರದೆ, ಕ್ಯಾಮೆರಾ, ದೀಪ ಸೇರಿ ಅರ್ಧ ಆಂಪಿಯರ್ ಎಳೆದರೂ, ಅರ್ಧ ಬ್ಯಾಟರಿಯಲ್ಲೇ ಏಳು ಗಂಟೆ ನಡೆಯುತ್ತದೆ. ಪೂರ್ತಿ ಬರಿದು ಮಾಡಿದರೆ ಈ ಬಗೆಯ ಬ್ಯಾಟರಿ ಬೇಗ ಹಾಳಾಗುತ್ತದೆ.

ಮನೆಯ 230 ವೋಲ್ಟ್ ಸಂಪರ್ಕದಿಂದ, ಅಡಾಪ್ಟರ್ ಮೂಲಕವೇ ಆದರೂ, ನೀರಿಗೆ ತಂತಿ ಇಳಿಸಬೇಡಿ. ಬ್ಯಾಟರಿ ಮಾತ್ರ. ಬ್ಯಾಟರಿಯ ಧನ ತುದಿಗೆ ಒಂದು ಆಂಪಿಯರ್ ಫ್ಯೂಸ್ ಇರಲೇಬೇಕು.

ಕವಚಕ್ಕೆ: 63 ಎಂ.ಎಂ. (ಅಂಗಡಿ ಭಾಷೆಯಲ್ಲಿ ಎರಡಿಂಚು) ಪಿವಿಸಿ ಪೈಪು 12 ಸೆಂಟಿಮೀಟರ್, ಒಂದು ಕಪ್ಲಿಂಗ್ ಅಂದರೆ ಎರಡು ಪೈಪು ಜೋಡಿಸುವ ತುಂಡು, ಎಂಟಿಎ ಅಂದರೆ ಹೊರಮೈಯಲ್ಲಿ ಮರೆ (ತಿರುಪಿನ ಗೆರೆ) ಇರುವ ತುಂಡು, ಅದಕ್ಕೆ ಒಪ್ಪುವ ಮರೆಯ ಎಂಡ್ ಕ್ಯಾಪ್, ಪೈಪು ಅಂಟಿಸುವ ಸಾಲ್ವೆಂಟ್, ಟೆಫ್ಲಾನ್ ಟೇಪ್, ಎರಡು ಭಾಗ ಕಲಸುವ ಎಪಾಕ್ಸಿ ಅಂಟು, ಕೇಬಲ್ ಗ್ಲ್ಯಾಂಡ್ ಅಂದರೆ ತಂತಿಯ ಸುತ್ತ ರಬ್ಬರ್ ಬಿಗಿಯುವ ನಟ್ಟು. ಕಿಟಕಿಗೆ 6 ಎಂ.ಎಂ. ದಪ್ಪದ ಅಕ್ರಿಲಿಕ್ ಬಿಲ್ಲೆ. ನಾಮಫಲಕ ಮಾಡುವವರು ಲೇಸರ್‌ನಲ್ಲಿ ದುಂಡಗೆ ಕತ್ತರಿಸಿ ಕೊಡುತ್ತಾರೆ.

ಹಂತ 3: ಮೊದಲು ಮೇಜಿನ ಮೇಲೆ ಜೋಡಿಸಿ

ಯಾವುದನ್ನೂ ಅಂಟಿಸುವ ಮುನ್ನ ಪೂರಾ 20 ಮೀಟರ್ ಕೇಬಲ್ ಹಾಕಿಯೇ ಚಿತ್ರ ಬರುತ್ತದೆಯೇ ನೋಡಿ. ಕ್ಯಾಮೆರಾದ ತುದಿಯಲ್ಲಿ ಮಲ್ಟಿಮೀಟರ್ ಇಟ್ಟರೆ 12ರ ಬದಲು 11 ವೋಲ್ಟ್‌ನ ಆಸುಪಾಸು ಕಂಡರೆ ಗಾಬರಿ ಬೇಡ. ಹತ್ತಕ್ಕಿಂತ ಕೆಳಗಿಳಿದರೆ ಕೇಬಲ್ ಬದಲಿಸಿ.

ಚಿತ್ರ ಎಡಬಲ ಅದಲುಬದಲಾಗಿರುತ್ತದೆ, ಜೊತೆಗೆ ಕಾರು ನಿಲ್ಲಿಸುವ ಹಳದಿ-ಕೆಂಪು ಗೆರೆಗಳು ಬೇರೆ. ಹೆಚ್ಚಿನ ಮಾದರಿಗಳಲ್ಲಿ ಕ್ಯಾಮೆರಾದ ಬಾಲದ ಬಳಿ ಕುಣಿಕೆಯಂತೆ ಬಗ್ಗಿದ ಎರಡು ಸಣ್ಣ ತಂತಿಗಳಿರುತ್ತವೆ. ಒಂದನ್ನು ಕತ್ತರಿಸಿದರೆ ಗೆರೆ ಹೋಗುತ್ತದೆ, ಇನ್ನೊಂದನ್ನು ಕತ್ತರಿಸಿದರೆ ಚಿತ್ರ ನೇರವಾಗುತ್ತದೆ. ಬಣ್ಣ ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಪೆಟ್ಟಿಗೆಯೊಳಗಿನ ಚೀಟಿ ಎಸೆಯಬೇಡಿ.

ಹಂತ 4: ಕಿಟಕಿ

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಚದರ ಸೆಂಟಿಮೀಟರ್‌ಗೆ ಸುಮಾರು ಒಂದು ಕಿಲೋ ಒತ್ತಡ ಕೂಡುತ್ತದೆ. 63 ಎಂ.ಎಂ. ಬಿಲ್ಲೆಯ ವಿಸ್ತೀರ್ಣ 31 ಚದರ ಸೆಂಟಿಮೀಟರ್. ಐದು ಮೀಟರ್ ಆಳದಲ್ಲಿ ಅದರ ಮೇಲೆ 15 ಕಿಲೋ, ಅಂದರೆ ಮೂರು ನಾಲ್ಕು ವರ್ಷದ ಮಗು ಹತ್ತಿ ನಿಂತಷ್ಟು ಭಾರ. ಹಾಗಾಗಿ ಬಿಲ್ಲೆ ಒಳಕ್ಕೆ ಜಾರದಂತೆ ಒಂದು ಮೆಟ್ಟಿಲು ಬೇಕು, ಬರಿಯ ಅಂಟನ್ನು ನಂಬಬಾರದು.

ಆ ಮೆಟ್ಟಿಲು ಕಪ್ಲಿಂಗ್‌ನಲ್ಲೇ ಇದೆ. ಬೆರಳು ಹಾಕಿ ನೋಡಿ, ನಟ್ಟನಡುವೆ ಒಂದು ಸಣ್ಣ ಏಣು ಸಿಗುತ್ತದೆ. ಒಂದು ಬದಿಯಿಂದ ಪೈಪನ್ನು ಸಾಲ್ವೆಂಟ್ ಹಚ್ಚಿ ಆ ಏಣಿನವರೆಗೆ ಕೂರಿಸಿ. ಇನ್ನೊಂದು ಬದಿಯನ್ನು ಏಣಿನಿಂದ ಒಂದು ಸೆಂಟಿಮೀಟರ್ ಬಿಟ್ಟು ಗರಗಸದಿಂದ ಕತ್ತರಿಸಿ ಹಾಕಿ. ಇಲ್ಲದಿದ್ದರೆ ಆ ಉದ್ದದ ಗೋಡೆ ಚಿತ್ರದ ಅಂಚಿನಲ್ಲಿ ಕಪ್ಪು ಉಂಗುರವಾಗಿ ಕಾಣುತ್ತದೆ. ಸಾಲ್ವೆಂಟ್‌ನ ವಾಸನೆ ಪೂರ್ತಿ ಹೋಗಲು ಒಂದು ದಿನ ಬಿಡಿ, ಅದರ ಹಬೆ ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕು ಎಬ್ಬಿಸುತ್ತದೆ.

ಆಮೇಲೆ ಬಿಲ್ಲೆಯ ಅಂಚನ್ನೂ ಕಪ್ಲಿಂಗ್‌ನ ಒಳಗೋಡೆಯನ್ನೂ 120 ನಂಬರಿನ ಮರಳು ಕಾಗದದಿಂದ ಉಜ್ಜಿ ಒರಟು ಮಾಡಿ, ಬಿಲ್ಲೆಯನ್ನು ಹೊರಗಿನಿಂದ ಏಣಿನ ಮೇಲೆ ಕೂರಿಸಿ ಸುತ್ತಲೂ ಎಪಾಕ್ಸಿ ತುಂಬಿ. ಹೀಗೆ ಮಾಡಿದರೆ ಆಳಕ್ಕೆ ಹೋದಷ್ಟೂ ನೀರೇ ಬಿಲ್ಲೆಯನ್ನು ಒತ್ತಿ ಹಿಡಿಯುತ್ತದೆ. ಬಿಲ್ಲೆಯ ರಕ್ಷಣಾ ಕಾಗದವನ್ನು ಅಂಚಿನಲ್ಲಿ ಮಾತ್ರ ಬಿಡಿಸಿ, ನಡುವಿನದು ಕೊನೆಯವರೆಗೂ ಇರಲಿ.

ಇಲ್ಲಿ ಅಂಟಿನ ಆಯ್ಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಮೀನಿನ ಗಾಜಿನ ತೊಟ್ಟಿಗೆ ಚೆನ್ನ. ಅಕ್ರಿಲಿಕ್‌ಗೆ ಅದು ಸರಿಯಾಗಿ ಹಿಡಿಯುವುದಿಲ್ಲ, ಮುಚ್ಚಿದ ಪೈಪಿನೊಳಗೆ ಅದರ ಆಮ್ಲದ ಹಬೆ ತಾಮ್ರವನ್ನು ಹಸಿರಾಗಿಸುತ್ತದೆ. ತಕ್ಷಣ ಅಂಟುವ ಸೂಪರ್ ಗ್ಲೂ ಹಬೆ ಕಿಟಕಿಯ ಮೇಲೆ ಬಿಳಿ ಮಸುಕು ಬಳಿಯುತ್ತದೆ, ಒರೆಸಿದರೂ ಹೋಗುವುದಿಲ್ಲ.

ಹಂತ 5: ಕೇಬಲ್ ಒಳಹೋಗುವ ಜಾಗ

ನನ್ನ ಮೊದಲ ಕ್ಯಾಮೆರಾ ಸತ್ತದ್ದು ಇಲ್ಲಿ. ಕಿಟಕಿ ಭದ್ರವಾಗಿತ್ತು, ಗ್ಲ್ಯಾಂಡ್ ಬಿಗಿಯಾಗಿತ್ತು, ಆದರೂ ಪೈಪಿನೊಳಗೆ ಎರಡು ಚಮಚ ನೀರು. ಕೇಬಲ್ಲಿನ ಹೊರ ಸಿಪ್ಪೆಯ ಮೇಲೆ ಮೊದಲೇ ಒಂದು ಗೀರು ಬಿದ್ದಿತ್ತು. ನೀರು ಆ ಗೀರಿನಿಂದ ಒಳಹೊಕ್ಕು, ಸಿಪ್ಪೆಗೂ ಎಳೆಗಳಿಗೂ ನಡುವಿನ ಸಂದಿಯಲ್ಲಿ ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಹರಿದು ಬಂದಿತ್ತು. ಗ್ಲ್ಯಾಂಡ್ ಸಿಪ್ಪೆಯನ್ನು ಮಾತ್ರ ಹಿಡಿಯುತ್ತದೆ, ಸಿಪ್ಪೆಯೊಳಗಿನ ದಾರಿ ತೆರೆದೇ ಇರುತ್ತದೆ.

ಪರಿಹಾರ ಸುಲಭ. ಎಂಡ್ ಕ್ಯಾಪ್‌ನ ನಡುವೆ ತೂತು ಕೊರೆದು ಗ್ಲ್ಯಾಂಡ್ ಕೂರಿಸಿ, ಕೇಬಲ್ ತೂರಿಸಿ. ಒಳಬದಿಯಲ್ಲಿ ನಾಲ್ಕು ಸೆಂಟಿಮೀಟರ್‌ನಷ್ಟು ಹೊರ ಸಿಪ್ಪೆ ಸುಲಿದು ಎಳೆಗಳನ್ನು ಬಿಡಿಬಿಡಿಯಾಗಿ ಹರಡಿ. ಚಿತ್ರದ ಎಳೆಯ ಜಾಲರಿಯನ್ನೂ ಒಂದೆಡೆ ಬಿಡಿಸಿ. ಕ್ಯಾಪನ್ನು ಬಟ್ಟಲಿನಂತೆ ಇಟ್ಟು, ಸುಲಿದ ಜಾಗ ಮುಳುಗುವಂತೆ, ಆದರೆ ಮರೆಗೆ ತಾಗದಂತೆ ಎಪಾಕ್ಸಿ ಹುಯ್ಯಿರಿ. ಕ್ಯಾಪ್ ಅಷ್ಟು ಆಳವಿಲ್ಲದಿದ್ದರೆ ನಡುವೆ ತೆಳು ಪೈಪಿನ ತುಂಡು ನಿಲ್ಲಿಸಿ ಅದರೊಳಗೆ ತುಂಬಿ. ಒಮ್ಮೆಲೇ ತುಂಬಬೇಡಿ, ಹೆಚ್ಚು ಎಪಾಕ್ಸಿ ಒಟ್ಟಿಗೆ ಗಟ್ಟಿಯಾಗುವಾಗ ಕೈ ಸುಡುವಷ್ಟು ಕಾಯುತ್ತದೆ. ಅರ್ಧ ಬೆರಳು ದಪ್ಪ ಹುಯ್ದು, ಗಟ್ಟಿಯಾದ ಮೇಲೆ ಇನ್ನೊಂದು ಪದರ.

ಪೈಪಿನ ಹಿಂತುದಿಗೆ ಎಂಟಿಎ ಅಂಟಿಸಿ. ಕ್ಯಾಮೆರಾವನ್ನು ಲೆನ್ಸ್ ಕಿಟಕಿಗೆ ತಾಗುವಷ್ಟು ಹತ್ತಿರ ಕೂರಿಸಿ, ಸುತ್ತ ಫೋಮ್ ತುರುಕಿ. ಕ್ಯಾಪ್ ತಿರುಗಿಸುವಾಗ ಒಳಗಿನ ತಂತಿಗಳೂ ಹುರಿಗೊಳ್ಳುತ್ತವೆ. ಆದ್ದರಿಂದ ಮುಚ್ಚುವ ಮೊದಲು ಕ್ಯಾಪನ್ನು ಎದುರು ದಿಕ್ಕಿಗೆ ನಾಲ್ಕೈದು ಸುತ್ತು ತಿರುಗಿಸಿಟ್ಟುಕೊಳ್ಳಿ, ಮುಚ್ಚಿದಾಗ ಹುರಿ ಬಿಚ್ಚಿಕೊಳ್ಳುತ್ತದೆ. ಮರೆಗೆ ಟೆಫ್ಲಾನ್ ಟೇಪ್ ಧಾರಾಳವಾಗಿ ಸುತ್ತಿ.

ಒಳಗೆ ಸಿಲಿಕಾ ಜೆಲ್ ಪೊಟ್ಟಣ ಎರಡು ಇರಲಿ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ, ತೇವ ಹೀರುವ ಮಣಿಗಳೇ ಅವು. ಹಳೆಯದಾದರೆ ಮಣಿಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಬಳಸಿ, ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಮಳೆಗಾಲದ ತೇವದ ಗಾಳಿಯಲ್ಲಿ ಪೈಪು ಮುಚ್ಚಿದರೆ, ತಣ್ಣೀರಿಗೆ ಇಳಿಸಿದ ಹತ್ತು ನಿಮಿಷಕ್ಕೆ ಕಿಟಕಿಯ ಒಳಮೈ ಬೆವರುತ್ತದೆ. ಬಿಸಿಲೇರಿದ ಮೇಲೆ ಮುಚ್ಚಿ.

ಹಂತ 6: ದೀಪ ಬೇಕೇ?

ಮೂರು ಮೀಟರ್‌ಗಿಂತ ಕಡಿಮೆ ಆಳ, ಹಗಲು ಹೊತ್ತು ಎಂದಾದರೆ ಬೇಡ. ಕದಡಿದ ನೀರಿಗೆ ದೀಪ ಹಾಕಿದರೆ ಆಗುಂಬೆ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದಂತೆ, ಎದುರಿಗೆ ಬರಿಯ ಬಿಳಿ ಗೋಡೆ. ಬೇಕೇ ಬೇಕೆಂದರೆ ಜಲನಿರೋಧಕ ಎಲ್‌ಇಡಿಯನ್ನು ಕ್ಯಾಮೆರಾದಿಂದ ಒಂದು ಗೇಣು ಪಕ್ಕಕ್ಕೆ ಒಂದು ಕಡ್ಡಿಗೆ ಕಟ್ಟಿ, ಓರೆಯಾಗಿ ಎರೆಯತ್ತ ಬೆಳಕು ಬೀಳಿಸಿ. ಆಗ ಲೆನ್ಸಿನ ಮುಂದಿನ ಧೂಳು ಬೆಳಗುವುದಿಲ್ಲ.

ಮೀನು ಬೆದರಬಾರದೆಂದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ದೀಪ ಹಾಕುವವರಿದ್ದಾರೆ. ಅದನ್ನು ನೀರು ಬಹುಬೇಗ ಹೀರುತ್ತದೆ. 850 ನ್ಯಾನೋಮೀಟರ್‌ನದು ಎರಡು ಮೂರು ಅಡಿಯೊಳಗೆ ಕೆಲಸ ಮಾಡೀತು, 940ರದು ಅಷ್ಟೂ ಇಲ್ಲ.

ಹಂತ 7: ಭಾರ ಮತ್ತು ಬಾಲ

ಮಾಡಿ ಮುಗಿಸಿ ನೀರಿಗಿಟ್ಟರೆ ಪೈಪು ಬೆಂಡಿನಂತೆ ತೇಲುತ್ತದೆ! 63 ಎಂ.ಎಂ. ದಪ್ಪ, 12 ಸೆಂಟಿಮೀಟರ್ ಉದ್ದದ ಪೈಪು ಸುಮಾರು 375 ಗ್ರಾಂ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಕಪ್ಲಿಂಗ್ ಕ್ಯಾಪ್ ಸೇರಿದರೆ ಇನ್ನೂ ಹೆಚ್ಚು. ಪೂರ್ತಿ ಜೋಡಿಸಿದ ಕವಚವನ್ನು ಬಕೆಟ್ಟಿನಲ್ಲಿ ತೇಲಿಸಿ, ಮುಳುಗುವವರೆಗೆ ಕಬ್ಬಿಣದ ನಟ್ಟುಗಳನ್ನು ಕಟ್ಟುತ್ತಾ ಹೋಗಿ. ಮುಳುಗಿದ ಮೇಲೆ ಇನ್ನೂ ಕಾಲು ಕಿಲೋ ಸೇರಿಸಿ, ಹರಿವ ನೀರಾದರೆ ಅರ್ಧ ಕಿಲೋ. ಭಾರವೆಲ್ಲ ಕೆಳಬದಿಗಿರಲಿ.

ಎತ್ತಿ ಇಳಿಸಲು ಪ್ರತ್ಯೇಕ ನೈಲಾನ್ ಹಗ್ಗ ಬೇಕು. ಕೇಬಲ್ ಹಿಡಿದು ಎಳೆದರೆ ಗ್ಲ್ಯಾಂಡ್ ಸಡಿಲವಾಗುತ್ತದೆ. ಹಗ್ಗಕ್ಕೂ ಕೇಬಲ್‌ಗೂ ಮೀಟರಿಗೊಂದರಂತೆ ಟೇಪ್ ಸುತ್ತಿದರೆ ಎರಡೂ ಜೊತೆಗಿರುತ್ತವೆ, ಆಳದ ಲೆಕ್ಕವೂ ಸಿಗುತ್ತದೆ.

ಹೊಳೆಯಲ್ಲಿ ಕ್ಯಾಮೆರಾ ಬುಗುರಿಯಂತೆ ಸುತ್ತದಿರಲು ಒಂದು ಪ್ಲಾಸ್ಟಿಕ್ ಹಾಳೆಯ ರೆಕ್ಕೆ ಬೇಕು. ಎಲ್ಲರೂ ಅದನ್ನು ವಿಮಾನದಂತೆ ಹಿಂಬದಿಗೆ ಕಟ್ಟುತ್ತಾರೆ. ಆಗ ಲೆನ್ಸ್ ಹರಿವಿಗೆ ಎದುರು ನಿಲ್ಲುತ್ತದೆ. ಮೀನೂ ಹರಿವಿಗೆ ಎದುರಾಗಿಯೇ ನಿಲ್ಲುವುದರಿಂದ ನಿಮಗೆ ಸಿಗುವುದು ಬಾಲದ ದರ್ಶನ. ರೆಕ್ಕೆಯನ್ನು ಲೆನ್ಸಿನ ಕಡೆ, ನೋಟಕ್ಕೆ ಅಡ್ಡ ಬಾರದಂತೆ ಮೇಲ್ಭಾಗಕ್ಕೆ ಕಟ್ಟಿ ನೋಡಿ. ಕ್ಯಾಮೆರಾ ಹರಿವಿನ ದಿಕ್ಕಿಗೆ ತಿರುಗುತ್ತದೆ, ಮೀನಿನ ಬಾಯಿ ಕಾಣುತ್ತದೆ. ನಮಗೆ ಬೇಕಾದದ್ದು ಅದೇ ತಾನೇ.

ಹಂತ 8: ಸೋರಿಕೆ ಪರೀಕ್ಷೆ

ಕ್ಯಾಮೆರಾ ಹೊರಗಿಟ್ಟು, ಪೈಪಿನೊಳಗೆ ಒಣ ಟಿಶ್ಯೂ ಕಾಗದ ತುಂಬಿ ಮುಚ್ಚಿ. ಕ್ಯಾಮೆರಾದ ಬದಲು ಕಲ್ಲು ಕಟ್ಟಿ ಒಂದು ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಹೊರಮೈ ಚೆನ್ನಾಗಿ ಒರೆಸಿದ ಮೇಲೆಯೇ ಬಿಚ್ಚಿ. ಆದರೆ ಬಕೆಟ್ಟಿನಲ್ಲಿ ಇರುವುದು ಒಂದಡಿ ನೀರಿನ ಒತ್ತಡ ಮಾತ್ರ. ಅಲ್ಲಿ ಪಾಸಾದದ್ದು ಐದು ಮೀಟರ್‌ನಲ್ಲಿ ಫೇಲಾಗಬಹುದು. ಊರಿನಲ್ಲಿ ಬಾವಿ ಇದ್ದರೆ ಅದಕ್ಕಿಂತ ಒಳ್ಳೆಯ ಪ್ರಯೋಗಾಲಯ ಇಲ್ಲ. ನೀವು ಇಳಿಸಬೇಕೆಂದಿರುವ ಆಳಕ್ಕಿಂತ ಎರಡು ಮೀಟರ್ ಹೆಚ್ಚಿಗೆ ಇಳಿಸಿ, ಎರಡು ಗಂಟೆ ಬಿಡಿ. ಟಿಶ್ಯೂ ಗರಿಗರಿಯಾಗಿ ಬಂದರೆ ಮಾತ್ರ ಕ್ಯಾಮೆರಾ ಒಳಗೆ ಹೋಗಲಿ.

ಹಂತ 9: ನೀರಿನ ಬಳಿ

ಎರೆಯಿಂದ ಒಂದೂವರೆ ಎರಡು ಅಡಿ ದೂರದಲ್ಲಿ, ಅದೇ ಎತ್ತರಕ್ಕೆ ಕ್ಯಾಮೆರಾ ನಿಲ್ಲಿಸಿ. ತಳಕ್ಕೆ ಬಡಿದರೆ ಕೆಸರೆದ್ದು ಐದು ನಿಮಿಷ ಏನೂ ಕಾಣುವುದಿಲ್ಲ, ತಾಳ್ಮೆ ಇರಲಿ. ಪರದೆಗೆ ರಟ್ಟಿನ ಮರೆ ಮಾಡಿಕೊಳ್ಳಿ.

ಮೊದಲ ದಿನ ಗಾಳಕ್ಕಿಂತ ಪರದೆಯನ್ನೇ ನೋಡಿ. ಮೈದಾ ಉಂಡೆಯ ಸುತ್ತ ಮೊದಲು ಬರುವುದು ಬೆರಳುದ್ದದ ಮರಿಗಳು. ಅವು ಅಂಚಿನಿಂದ ಚೂರುಚೂರಾಗಿ ಕಿತ್ತು ಉಂಡೆಯನ್ನು ಸವೆಸಿಬಿಡುತ್ತವೆ, ಬೆಂಡಿಗೆ ಸುದ್ದಿಯೇ ಮುಟ್ಟುವುದಿಲ್ಲ. ಜಿಲೇಬಿ ಮೀನು ಎರೆಯನ್ನು ಬಾಯಿಗೆಳೆದುಕೊಂಡು, ಕೊಕ್ಕೆ ತಾಗಿದೊಡನೆ ಉಗುಳುತ್ತದೆ. ಅದನ್ನು ಕಂಡ ಮೇಲೆ ನಾನು ಕೊಕ್ಕೆಯ ಅಳತೆ ಇಳಿಸಿದೆ, ಉಂಡೆಗೆ ರಾಗಿ ಹಿಟ್ಟು ಸೇರಿಸಿ ಗಟ್ಟಿ ಮಾಡಿದೆ. ಮೀನು ಕಚ್ಚಿದ ತಕ್ಷಣ ಜೊತೆಯವರು ಕ್ಯಾಮೆರಾವನ್ನು ಮೇಲೆಳೆಯಬೇಕು. ಇಲ್ಲವಾದರೆ ಮೀನು ದಾರವನ್ನು ಕೇಬಲ್‌ಗೆ ಸುತ್ತಿ ತಾನು ಪಾರಾಗುತ್ತದೆ.

ಜಲಾಶಯಗಳಲ್ಲೂ ದೊಡ್ಡ ಕೆರೆಗಳಲ್ಲೂ ಮೀನು ಹಿಡಿಯುವ ಹಕ್ಕು ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಯೇ ಹೋಗಿ. ಅಣೆಕಟ್ಟಿನ ಗೋಡೆಯ ಆಸುಪಾಸಿನಲ್ಲಿ ತಂತಿ, ಬ್ಯಾಟರಿ ಹಿಡಿದು ನಿಂತರೆ ಕಾವಲುಗಾರರಿಗೆ ಅನುಮಾನ ಬರುವುದು ಸಹಜ. ಶೃಂಗೇರಿ, ಶಿಶಿಲದಂಥ ಕಡೆ ದೇವರ ಮೀನುಗಳಿರುವ ಹೊಳೆಯಲ್ಲಿ ಗಾಳದ ಮಾತೇ ಇಲ್ಲ. ಸ್ನಾನಘಟ್ಟ, ಬಟ್ಟೆ ಒಗೆಯುವ ಜಾಗ, ಮಕ್ಕಳು ಈಜುವ ಮಡು, ಇವುಗಳ ಹತ್ತಿರ ಕ್ಯಾಮೆರಾ ಇಳಿಸಲೇಬೇಡಿ. ಮೀನು ನೋಡುತ್ತಿದ್ದೆ ಎಂದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಮನೆಗೆ ಬಂದ ಮೇಲೆ ಕವಚವನ್ನು ಸಿಹಿನೀರಿನಲ್ಲಿ ತೊಳೆಯಿರಿ, ಅಳಿವೆ ಅಥವಾ ಸಮುದ್ರದ ನೀರಾಗಿದ್ದರೆ ಅರ್ಧ ಗಂಟೆ ನೆನೆಸಿಡಿ. ಕಿಟಕಿಯನ್ನು ಒಣ ಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಕೇಬಲ್ಲನ್ನು ಮೊಣಕೈಗೆ ಬಿಗಿಯಾಗಿ ಸುತ್ತದೆ, ಅಗಲವಾದ ಉಂಗುರವಾಗಿ ಸುತ್ತಿಡಿ.

ಕ್ಯಾಮೆರಾ ತಳದ ಬೇರಿಗೋ ಬಂಡೆಗೋ ಸಿಕ್ಕಿಕೊಳ್ಳುವುದು ಇಂದಲ್ಲ ನಾಳೆ ಖಂಡಿತ. ಹಗ್ಗವನ್ನು ಸಡಿಲ ಬಿಟ್ಟು, ದಡದ ಮೇಲೆ ಹತ್ತಿಪ್ಪತ್ತು ಹೆಜ್ಜೆ ಪಕ್ಕಕ್ಕೆ ನಡೆದು ಬೇರೆ ದಿಕ್ಕಿನಿಂದ ಎಳೆಯಿರಿ, ಹೆಚ್ಚಿನ ಸಲ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಳ್ಳದಿದ್ದರೆ ನೀರಿಗಿಳಿಯಬೇಡಿ. ಕಲ್ಲು ಕ್ವಾರಿಯ ಹೊಂಡಗಳಲ್ಲಂತೂ ದಡದಿಂದ ಒಂದೇ ಹೆಜ್ಜೆಗೆ ಆಳ ಶುರುವಾಗುತ್ತದೆ. ಪರದೆಯನ್ನೂ ಬ್ಯಾಟರಿಯನ್ನೂ ಕೇಬಲ್ಲಿನಿಂದ ಬಿಡಿಸಿ ಚೀಲಕ್ಕೆ ಹಾಕಿಕೊಳ್ಳಿ, ಹಗ್ಗ ಕತ್ತರಿಸಿ. ಇನ್ನೊಂದು ಕ್ಯಾಮೆರಾ, ಅರ್ಧ ಗೇಣು ಪೈಪು, ಒಂದು ಬಿಲ್ಲೆ ಕೊಂಡರೆ ಆಯಿತು.